ದವಾಖಾನೆ ವ್ಯಾನಿನ ಟಾಪಿನ ಮೇಲೆ

ವ್ಯಾನಿನ ಟಾಪು ಹತ್ತುವುದೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಹಿಂಬದಿಗೆ ಬೆಸೆದಿದ್ದ ಕಬ್ಬಿಣದ ಏಣಿಗೆ ಇದ್ದದ್ದು ಒಂಬತ್ತೇ ಮೆಟ್ಟಿಲು. ಐದನೆಯದಕ್ಕೆ ಬರುವಷ್ಟರಲ್ಲಿ ಅಂಗೈ ಬೆವರುತ್ತಿತ್ತು. ಏಳನೆಯದರಲ್ಲಿ, ಕೆಳಗೆ ನೋಡಬಾರದು ಎಂದುಕೊಳ್ಳುತ್ತಲೇ ನೋಡುತ್ತಿದ್ದೆ. ಆದರೂ ಎರಡು ವರ್ಷ ನಾನೇ ಹತ್ತಿದೆ. ಹತ್ತಲು ಬೇರೆ ಯಾರೂ ಇರಲಿಲ್ಲ.

ನಾನು ಆಗ ಸಂಚಾರಿ ದವಾಖಾನೆಯಲ್ಲಿ ನರ್ಸು. ದವಾಖಾನೆ ಎಂದರೆ ಬಸ್ಸಿನ ಚಾಸಿಯ ಮೇಲೆ ಕಟ್ಟಿಗೆಯ ಹಂದರ ನಿಲ್ಲಿಸಿ, ತಗಡು ಬಡಿದು ಕಟ್ಟಿದ ಒಂದು ಬಿಳಿ ವ್ಯಾನು. ಒಳಗೆ ರೋಗಿಗಳನ್ನು ಮಲಗಿಸುವ ಮೇಜು, ಔಷಧಿಯ ಕಪಾಟು, ಒಂದರ ಮೇಲೊಂದು ಎರಡು ಮಲಗುವ ಹಲಗೆ, ಒಂದು ಸ್ಟೋವು, ನೀರಿನ ಟಾಕಿ. ಶಹಾಬಾದಿನಿಂದ ಹೊರಟರೆ ವಾಡಿ, ಚಿತ್ತಾಪುರ, ಸೇಡಂ ಎಂದು ಊರೂರು ನಿಲ್ಲುತ್ತ ಚಿಂಚೋಳಿಯವರೆಗೆ ಹೋಗಿ ಮತ್ತೆ ತಿರುಗಿ ಬರುವುದು. ಒಂದು ಸುತ್ತು ಮುಗಿಯಲು ಎರಡು ತಿಂಗಳು ಹಿಡಿಯುತ್ತಿತ್ತು. ಡಾಕ್ಟರ ಸಾಹೇಬರಿಗೆ ಪ್ರವಾಸಿ ಬಂಗಲೆಯಲ್ಲಿ ಕೋಣೆ. ನಾನು ಮತ್ತು ಆಯಾ ವ್ಯಾನಿನಲ್ಲೇ ಅಡಿಗೆ ಮಾಡಿಕೊಂಡು ಅಲ್ಲೇ ಮಲಗುತ್ತಿದ್ದೆವು. ಆಕೆ ವಯಸ್ಸಾದ ಹೆಂಗಸು, ನಾನು ಮೌಶಿ ಎನ್ನುತ್ತಿದ್ದೆ. ಬಾಗಿಲ ಮುಂದೆ ಹೊರಸು ಹಾಕಿಕೊಂಡು ಡ್ರೈವರ್ ಮಲಗುತ್ತಿದ್ದ. ಅವನನ್ನು ಡಾಕ್ಟರೂ ಸೇರಿ ಎಲ್ಲರೂ ಚಾಚಾ ಎನ್ನುತ್ತಿದ್ದರು.

ಚಾಚಾ ಐವತ್ತು ದಾಟಿದ ಭಾರೀ ಆಳು. ಪಿಂಚಣಿಗೆ ಇನ್ನು ಎರಡು ವರ್ಷವಿತ್ತು. ವ್ಯಾನನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿ ಬೇರೆ ಯಾವ ಡ್ರೈವರನಲ್ಲೂ ನಾನು ಕಂಡಿಲ್ಲ. ವಾರಕ್ಕೊಮ್ಮೆ ಅದರ ಮೈ ತೊಳೆಯಲೇಬೇಕು. ಒಣ ಧೂಳಿನ ಮೇಲೆ ಬಟ್ಟೆ ಆಡಿಸುವಂತಿಲ್ಲ, ಬಣ್ಣ ಗೀರುತ್ತದೆ. ಮೊದಲು ನೀರು ಸುರಿದು ಧೂಳು ನೆನೆಸಬೇಕು, ಆಮೇಲೆ ಸಾಬೂನು ನೀರು, ಮೇಲಿನಿಂದ ಕೆಳಕ್ಕೆ. ಬಟ್ಟೆ ತೊಳೆಯುವ ಸೋಡಾ ಮುಟ್ಟಕೂಡದು. ಟಾಪಿನ ಕೆಲಸವೇ ಬೇರೆ. ತಗಡಿನ ಹಾಳೆಗಳು ಕೂಡುವ ಜಾಗದಲ್ಲಿ ಉದ್ದಕ್ಕೂ ಡಾಂಬರು ಹಾಕಿತ್ತು. ಬಿಸಿಲಿಗೆ ಅದು ಒಣಗಿ ಬಿರುಕು ಬಿಡುತ್ತಿತ್ತು. ಆ ಬಿರುಕನ್ನು ಉಗುರಿನಿಂದ ಕೆದರಿ ನೋಡಿ, ಸಡಿಲವಾದದ್ದನ್ನು ಕಟ್ಟಿಗೆಯ ಸೌಟಿನಿಂದ ಎಬ್ಬಿಸಿ ತೆಗೆದು, ಗೋಣಿಯ ಪಟ್ಟಿಯನ್ನು ಬಿಸಿ ಡಾಂಬರಿನಲ್ಲಿ ಅದ್ದಿ ಅದರ ಮೇಲೆ ಒತ್ತಬೇಕು. ಚಾಚಾ ಹತ್ತಿದರೆ ತಗಡು ಕುಸಿಯುತ್ತಿತ್ತು. ಮೌಶಿಗೆ ಮೊಣಕಾಲು ನೋವು.

"ಬೇಟಿ, ನೀ ಹಗುರ ಇದ್ದಿ, ನೀನ ಹತ್ತು. ನೀರು ಒಮ್ಮಿ ಒಳಗ ಇಳೀತಂದ್ರ ಕಟ್ಟಿಗಿ ಕೊಳೀತದ, ಆಮ್ಯಾಲ ನಿನ್ನ ಪಟ್ಟಿ, ಹತ್ತಿ ಎಲ್ಲಾ ಹಾಳು" ಎಂದು ಅವನೇ ನನಗೆ ಕೆಲಸ ಕಲಿಸಿದ್ದ. ನಾನು ಸೀರೆ ಕಚ್ಚೆ ಹಾಕಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ಟಾಪಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ. ಸುತ್ತಲೂ ಸಾಮಾನು ಕಟ್ಟಲು ಗೇಣೆತ್ತರದ ಕಬ್ಬಿಣದ ಕಟಕಟೆ ಇತ್ತು. ಒಂದು ಕೈ ಯಾವಾಗಲೂ ಅದರ ಮೇಲೇ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಏಳೆಂಟು ತಿಂಗಳಾಗಿದ್ದವು. ನಮ್ಮ ವ್ಯಾನಿನ ಎರಡೂ ಬದಿಗೆ ಇನ್ನೂ ಮೈಸೂರು ಎಂದೇ ಇತ್ತು. ಆ ಸುತ್ತಿನಲ್ಲಿ ಅದನ್ನು ಅಳಿಸಿ ಬರೆಸಬೇಕೆಂದು ಹುಕುಂ ಬಂದಿತ್ತು. ಚಂದಾಪುರದಲ್ಲಿ ಒಬ್ಬ ಪೇಂಟರ್ ಸಿಕ್ಕ. ಮಳೆಗಾಲ ಹತ್ತಿರ ಬಂದಿತ್ತು. ವ್ಯಾನು ವಾಡಿಯ ಸಿಮೆಂಟ್ ಕಾರ್ಖಾನೆಯ ಹತ್ತಿರ ಒಂದು ವಾರ ನಿಂತು ಬಂದದ್ದರಿಂದ ಟಾಪಿನ ಮೇಲೆ ಸಿಮೆಂಟಿನ ಪುಡಿ ಕೂತು, ನಾಲ್ಕು ಹನಿ ಮಳೆಗೆ ನೆನೆದು, ಮೊಟ್ಟೆಯ ಸಿಪ್ಪೆಯ ಹಾಗೆ ಗಟ್ಟಿಯಾಗಿತ್ತು. ಕೆಳಗೆ ಡಾಂಬರು ಎಲ್ಲಿ ಒಡೆದಿದೆ ಎಂದು ತಿಳಿಯುವಂತಿರಲಿಲ್ಲ. ತೊಳೆಯುವುದು, ಡಾಂಬರು ಹಾಕುವುದು, ಹೆಸರು ಬರೆಸುವುದು ಮೂರೂ ಒಂದೇ ದಿನ ಮುಗಿಸೋಣವೆಂದು ಚಾಚಾ ಊರ ಹೊರಗಿನ ಒಂದು ತೋಟದ ಬಾವಿಯ ಹತ್ತಿರ ವ್ಯಾನು ನಿಲ್ಲಿಸಿದ. ಡಾಕ್ಟರು ಆ ದಿನ ತಾಲೂಕು ಕಚೇರಿಗೆ ಹೋಗಿದ್ದರು.

ಆ ಜಾಗವನ್ನು ಹೇಗಿತ್ತೋ ಹಾಗೆ ಹೇಳಬೇಕು. ನೆಲ ಸ್ವಲ್ಪ ಇಳಿಜಾರು. ವ್ಯಾನಿನ ಮೂತಿ ಇಳಿಜಾರಿನ ಕಡೆಗೆ. ಹಿಂದೆ ಹತ್ತು ಹನ್ನೆರಡು ಹೆಜ್ಜೆಯಲ್ಲಿ ಬಾವಿ, ಅದಕ್ಕೆ ಕಟ್ಟೆ ಇರಲಿಲ್ಲ. ಮುಂದೆ, ಒಂದು ಕಂಬದಿಂದ ಪಂಪಿನ ಕೋಣೆಗೆ ಎಳೆದ ಎರಡು ಬರಿ ತಂತಿ, ಗಾಳಿಗೆ ಜೋಲು ಬಿದ್ದು ತೂಗುತ್ತಿದ್ದವು. ತೋಟದ ಒಡೆಯ ಪಂಪು ಚಾಲೂ ಮಾಡಿ, ಕೋಣೆಗೆ ಕೀಲಿ ಹಾಕಿಕೊಂಡು ಹೊರಟಾಗ ಎಚ್ಚರಿಸಿಯೇ ಹೋದ.

"ಚಾಚಾ, ತಂತಿ ಭಾಳ ಕೆಳಗ ಬಂದಾವ. ಆ ಕಡಿಗಿ ಗಾಡಿ ಒಯ್ಯಬ್ಯಾಡ್ರಿ."

"ಹೂಂ, ಕಾಣಲಿಕತ್ತಾವ" ಎಂದ ಚಾಚಾ.

ಪೇಂಟರ್ ಬೆಳಿಗ್ಗೆಯೇ ಬಂದು ಎಡಬದಿಯ ಹಳೆಯ ಅಕ್ಷರ ಉಜ್ಜಿ ತೆಗೆದು, ನೀಲಿ ಬಣ್ಣದಲ್ಲಿ ಹೊಸದು ಬರೆದ. "ಸಂಜಿ ತನಕ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಊಟಕ್ಕೆ ಹೋದ. ನಾನು ಟಾಪಿನ ಮೇಲೆ ನೀರು ಚಿಮುಕಿಸಿ ಸಿಮೆಂಟಿನ ಗಟ್ಟಿ ಪದರ ಎಬ್ಬಿಸುತ್ತ ಹಿಂದಿನಿಂದ ಮುಂದಕ್ಕೆ ಸರಿಯುತ್ತಿದ್ದೆ. ತಗಡು ಕಾದು ಮೊಣಕೈ ಸುಡುತ್ತಿತ್ತು. ಕೆಳಗೆ ಚಾಚಾ ಬ್ರಶ್ ಉಜ್ಜುವುದು ತಗಡಿನ ಮೂಲಕ ಮೈಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆವರು ಒರೆಸಿಕೊಳ್ಳಲು ತಲೆ ಎತ್ತಿದರೆ, ಎಡಗಡೆ ನೆಲದ ಮೇಲೆ ನೀಲಿ ನೀರು ಹರಿದು ಹೋಗುತ್ತಿತ್ತು.

ಕಟಕಟೆ ಹಿಡಿದು ಬಗ್ಗಿ ನೋಡಿದೆ. ಚಾಚಾ ಹೊಸ ಅಕ್ಷರದ ಮೇಲೆಯೇ ಬ್ರಶ್ ಆಡಿಸುತ್ತಿದ್ದ. ಅರ್ಧ ಹೆಸರು ಹೋಗಿತ್ತು. ಬಿಳಿ ಬಣ್ಣದ ಮೇಲೆಲ್ಲ ನೀಲಿ ಬಳಿದುಕೊಂಡಿತ್ತು. ಅವನು ಅದನ್ನೇ ಎದುರಿಗಿಟ್ಟುಕೊಂಡು ಆರಾಮಾಗಿ ಉಜ್ಜುತ್ತಿದ್ದ.

"ಚಾಚಾ! ಏನ್ ಮಾಡಾಕತ್ತಿರಿ? ಹಸಿ ಬಣ್ಣ ಅದು!"

ಅವನ ಕೈ ನಿಂತಿತು. ಇನ್ನೊಂದು ಅಂಗೈಯನ್ನು ತಗಡಿನ ಮೇಲಿಟ್ಟು ಸವರಿದ. ಬಣ್ಣ ಹತ್ತಿದ ಬೆರಳನ್ನು ಮೂಗಿನ ಹತ್ತಿರಕ್ಕೆ ತಂದು ನೋಡಿದ. ಮೂಸಿದ ಎಂದೇ ಹೇಳಬೇಕು. "ಕಣ್ಣಾಗ ಸಾಬೂನು ಹೋಗಿತ್ತು ಬೇಟಿ" ಎಂದ. ಆದರೆ ಅವನ ಮುಖದ ಮೇಲೆ ನೀರಿನ ಒಂದು ಹನಿಯೂ ಇರಲಿಲ್ಲ.

ತೊಳೆಯುವಾಗ ಅವನು ಯಾವಾಗಲೂ ಒಂದು ಅಂಗೈ ವ್ಯಾನಿನ ಮೈಮೇಲೆ ಇಟ್ಟೇ ಇರುತ್ತಿದ್ದ. ಅದು ಪ್ರೀತಿ ಎಂದುಕೊಂಡಿದ್ದೆ. ಆಗ ಮೊದಲ ಸಲ ಸಂಶಯ ಬಂತು. ಆದರೂ ಯೋಚಿಸದೆ, ಮುಂದಿನ ಪಟ್ಟಿ ಮುಗಿಸಿ ಇಳಿದು ಮಾತಾಡೋಣವೆಂದು ಮತ್ತೆ ಬೋರಲು ಬಿದ್ದೆ.

ಚಾಚಾಗೆ ಗಾಬರಿಯಾಗಿತ್ತು. ಪೇಂಟರ್ ಬರುವುದರೊಳಗೆ ಹಾಳಾದ ಬದಿಯನ್ನು ನೀರಿನ ಕೊಳವೆಯ ಕಡೆಗೆ ತಿರುಗಿಸಿ ಪೂರಾ ತೊಳೆದುಬಿಡಬೇಕೆಂದು ಅವಸರಿಸಿದ. ಮೌಶಿ ಏಣಿಯ ಸರಳುಗಳ ಮೇಲೆ ನನ್ನದೊಂದು ಹಳೆಯ ಸೀರೆ ಒಣಹಾಕುತ್ತಿದ್ದಳು. ಏಣಿಯ ಹತ್ತಿರ ಸೀರೆ ಅಲ್ಲಾಡಿದ್ದನ್ನು ನೋಡಿ, ಅವನು ಅದು ನಾನೇ ಎಂದುಕೊಂಡ.

"ಇಳದಿ ಏನು?" ಎಂದು ಕೂಗಿದ.

ತನ್ನನ್ನೇ ಕೇಳಿದನೆಂದುಕೊಂಡು, ವ್ಯಾನಿನ ಮೆಟ್ಟಿಲಿಳಿದು ಬಂದಿದ್ದ ಮೌಶಿ "ಹೂಂ, ಇಳದೀನಿ" ಎಂದಳು.

ಇದೆಲ್ಲ ಆಮೇಲೆ ಅವರಿಂದ ತಿಳಿದದ್ದು, ಪಂಪಿನ ಸದ್ದಿನಲ್ಲಿ ಆಗ ನನಗೆ ಯಾವುದೂ ಕೇಳಿಸಲಿಲ್ಲ. ಎದೆಯ ಕೆಳಗೆ ತಗಡು ನಡುಗಿದಾಗಲೇ ಇಂಜಿನ್ನು ಚಾಲೂ ಆದದ್ದು ತಿಳಿದದ್ದು. ಏನಾಗುತ್ತಿದೆ ಎಂದು ನೋಡುವಷ್ಟರಲ್ಲಿ ವ್ಯಾನು ಹೊರಟಿತ್ತು.

ತಲೆ ಎತ್ತಿದೆ. ಎರಡು ತಂತಿಗಳು ನೇರ ನನ್ನ ಕಡೆಗೆ ಬರುತ್ತಿದ್ದವು. ಬರುತ್ತಿದ್ದದ್ದು ನಾನು, ಆದರೆ ಕಂಡದ್ದು ಹಾಗೆ. ಕೈಯಲ್ಲಿದ್ದ ಸೌಟಿನಿಂದ ತಗಡಿಗೆ ಬಡಿದೆ, ಮತ್ತೆ ಮತ್ತೆ ಬಡಿದೆ. ಬ್ರೇಕು ಬಿತ್ತು. ವ್ಯಾನು ಮುಗ್ಗರಿಸಿ ನಿಂತಿತು. ಕಟಕಟೆಯ ಮುಂದಿನ ಸರಳಿಗೂ ತಂತಿಗೂ ನಡುವೆ ಒಂದು ಮೊಳ ಇತ್ತು. ಗಾಳಿ ಬೀಸಿದಾಗ ಅಷ್ಟೂ ಇರುತ್ತಿರಲಿಲ್ಲ.

ಕಟಕಟೆ ಹಿಡಿದಿದ್ದ ಕೈಯನ್ನು ಬಿಟ್ಟೆ. ಯಾವುದನ್ನೂ ಮುಟ್ಟಬಾರದೆನಿಸಿತು. ಆದರೆ ಮೈಯೆಲ್ಲ ತಗಡಿನ ಮೇಲೇ ಇತ್ತು, ತಗಡೆಲ್ಲ ನೀರಾಗಿತ್ತು.

"ಯಾರು ಮ್ಯಾಲ?" ಚಾಚಾನ ದನಿ ಕ್ಯಾಬಿನಿನಿಂದ ಬಂತು.

"ನಾನರಿ ಚಾಚಾ! ತಂತಿ! ಮುಂದ ತಂತಿ ಅದ!"

"ಯಾ ಅಲ್ಲಾ" ಎಂದ. ಅಷ್ಟರಲ್ಲಿ ವ್ಯಾನು ತಾನಾಗಿ ಗೇಣಿನಷ್ಟು ಮುಂದಕ್ಕೆ ಜಾರಿತು. ತೊಳೆದ ನೀರೆಲ್ಲ ಇಳಿಜಾರಿಗೆ ಹರಿದು ಗಾಲಿಯ ಕೆಳಗೆ ರಾಡಿಯಾಗಿತ್ತು. ಕರಿಮಣ್ಣು ಬೇರೆ. ಬ್ರೇಕು ಹಿಡಿದಿದ್ದರೂ ನೆಲ ಹಿಡಿಯಲಿಲ್ಲ.

"ಹಿಂದಕ್ಕ ತಗೋರಿ! ಜಾರಾಕತ್ತದ!"

"ಹಿಂದ ಬಾವಿ ಅದ ಬೇಟಿ."

"ಗೊತ್ತದರಿ, ನೋಡ್ಕೋತ ತಗೋರಿ!"

ಆಗ ಅವನು ಹೇಳಿದ. ಸಣ್ಣ ದನಿಯಲ್ಲಿ ಹೇಳಿದ, ಆದರೂ ಪಂಪಿನ ಸದ್ದಿನ ನಡುವೆ ಅದೊಂದು ನನಗೆ ಸರಿಯಾಗಿ ಕೇಳಿಸಿತು.

"ನನಗ ಬಾವಿ ಕಾಣಂಗಿಲ್ಲ ಬೇಟಿ. ತಂತೀನೂ ಕಾಣಂಗಿಲ್ಲ. ನೀ ಹೇಳು, ನಾ ತಗೋತೀನಿ."

ಹಿಂದೆ ನೋಡಬೇಕಾದರೆ ನಾನು ತಂತಿಗೆ ಬೆನ್ನು ಮಾಡಬೇಕಿತ್ತು. ಅದು ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ಹಾವನ್ನು ಹಿಂದಿಟ್ಟುಕೊಂಡು ಕೂತ ಹಾಗೆ. ತಲೆ ಎತ್ತದೆ, ಹೊಟ್ಟೆಯ ಮೇಲೇ ಸುತ್ತು ತಿರುಗಿ ಬಾವಿಯ ಕಡೆಗೆ ಮುಖ ಮಾಡಿದೆ. ಮೌಶಿ ಬಾವಿಯ ಅಂಚಿನಲ್ಲಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. "ಮೌಶಿ, ಬಾಜೂಕ ಸರಿ!" ಎಂದೆ. ಸರಿದಳು.

"ನೆಟ್ಟಗ ಬರ್ರಿ ಚಾಚಾ. ಸಾವಕಾಶ."

ಗಾಲಿ ಒಮ್ಮೆ ನಿಂತಲ್ಲೇ ತಿರುಗಿ ರಾಡಿ ಎರಚಿತು. ವ್ಯಾನು ಅಡ್ಡಕ್ಕೆ ವಾಲಿತು. ಏನೋ ಠಣ್ ಎಂದಿತು, ಸತ್ತೆವು ಎಂದುಕೊಂಡೆ. ಡಾಂಬರಿನ ಡಬ್ಬಿ ಉರುಳಿ ಕಟಕಟೆಗೆ ಬಡಿದಿತ್ತು. ಆಮೇಲೆ ಗಾಲಿಗೆ ಗಟ್ಟಿ ನೆಲ ಸಿಕ್ಕಿತು. ವ್ಯಾನು ಹಿಂದಕ್ಕೆ ಹತ್ತತೊಡಗಿತು.

"ಥೋಡೆ ಎಡಕ್ಕ. ಇನ್ನ ಎಡಕ್ಕ. ಬರ್ರಿ. ಬರ್ರಿ. ಬಸ್, ಬಸ್! ನಿಂದ್ರಸ್ರಿ!"

ನಿಲ್ಲಿಸಿದ. ಏಣಿಯ ಕೆಳಗೆ ನೇರವಾಗಿ ನೋಡಿದರೆ ಎರಡು ಹೆಜ್ಜೆ ನೆಲ, ಅದರಾಚೆ ನೀರು ಕಾಣುತ್ತಿತ್ತು. ಮೌಶಿ ಓಡಿ ಬಂದು ಗಾಲಿಗಳಿಗೆ ಕಲ್ಲು ಕೊಟ್ಟಳು. ನಾನು ಆ ಒಂಬತ್ತು ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಇಳಿದು ನೆಲದ ಮೇಲೆ ಕೂತುಬಿಟ್ಟೆ.

ಚಾಚಾ ಕ್ಯಾಬಿನಿನಿಂದ ಇಳಿದು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ನಾನು ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ನರ್ಸು ನಾನು, ದಿನಕ್ಕೆ ಹತ್ತು ಜನರ ಕಣ್ಣು ನೋಡುವವಳು. ಎಡಗಣ್ಣಿನ ಪಾಪೆಯಲ್ಲಿ ಹಾಲಿನಂಥ ಬಿಳುಪು. ಬಲಗಣ್ಣಿನಲ್ಲೂ ಶುರುವಾಗಿತ್ತು. ಎರಡು ವರ್ಷ ಪಕ್ಕದಲ್ಲೇ ಇದ್ದು ನಾನು ನೋಡಿರಲಿಲ್ಲ.

"ಹೋದ ವರ್ಷ ಕಣ್ಣ ಪರೀಕ್ಷಾ ಹ್ಯಾಂಗ ಪಾಸಾದ್ರಿ?"

"ಒಂದು ಕಣ್ಣು ಮುಚ್ಚು ಅಂದ್ರು, ಮುಚ್ಚಿದೆ. ಇನ್ನೊಂದು ಮುಚ್ಚು ಅಂದ್ರು, ಕೈ ಬದಲಿ ಮಾಡ್ದೆ. ಕಣ್ಣು ಅದೇ ಮುಚ್ಚಿದೆ."

"ಮೋತಿಬಿಂದು ಅದು ಚಾಚಾ, ಕಣ್ಣಿಗಿ ಪೊರಿ ಬಂದದ. ಆಪರೇಶನ್ ಮಾಡಿಸ್ಕೊಂಡ್ರ ಆಗ್ತದ. ಎಷ್ಟ ಜನಕ್ಕ ನೀವ ಧೈರ್ಯ ಹೇಳಿ ಕರ್ಕೊಂಡು ಹೋಗೀರಿ!"

"ಅದಕ್ಕ ಅಂಜಿಕಿ" ಎಂದ. "ಎಷ್ಟ ಮಂದಿ ಒದ್ದಾಡೋದು ನೋಡೀನಿ. ಕಣ್ಣಾಗ ಚಾಕು ಹಾಕ್ತಾರ ಬೇಟಿ. ಡಾಕ್ಟರ್ ಸಾಹೇಬ್ರಿಗೆ ಹೇಳಬ್ಯಾಡ. ಸುತ್ತು ಮುಗೀಲಿ, ನಾನ ಹೇಳ್ತೀನಿ." ಅಷ್ಟು ದೊಡ್ಡ ಆಳು ನಡುಗುತ್ತಿದ್ದ.

ನಾನು ಹೂಂ ಎಂದೆ. ಯಾಕೆ ಎಂದೆನೋ ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ಅವನು ತಂದೆಯ ವಯಸ್ಸಿನವನು ಎಂದೋ, ಆ ನಡುಕ ನೋಡಲಾಗದೆಯೋ. ಮೌಶಿಯೂ ಬಾಯಿ ಬಿಡಲಿಲ್ಲ. ಪೇಂಟರ್ ಬಂದು ಬೈದು, ಮತ್ತೆ ಬರೆದು ಹೋದ.

ಆಮೇಲಿನ ಮೂರು ದಿನ ನಾನು ಹಿಂದೆ ಕೂರದೆ ಮುಂದೆ ಚಾಚಾನ ಪಕ್ಕದಲ್ಲಿ ಕೂತೆ. ಡಾಕ್ಟರ ಸಾಹೇಬರು ಜೀಪಿನಲ್ಲಿ ಬರುತ್ತಿದ್ದರು. ಒಂದೊಂದು ಊರಿನಿಂದ ಮುಂದಿನ ಊರಿಗೆ ಹೋಗುವಾಗ ಹಿಂದಿನ ಹಲಗೆಗಳ ಮೇಲೆ ರೋಗಿಗಳು, ಬಸುರಿಯರು, ಅವರ ಮಕ್ಕಳು. ಅವರಿಗೇನು ಗೊತ್ತು? ನಾನು ಕಣ್ಣು ಮಿಟುಕಿಸದೆ ದಾರಿ ನೋಡುತ್ತ ಹೇಳುತ್ತಿದ್ದೆ. ಎಡಕ್ಕ ಎತ್ತಿನ ಗಾಡಿ. ಮುಂದ ತಗ್ಗು. ತಿರುವು ಬಂತು. ಚಾಚಾ "ಹೂಂ, ಹೂಂ" ಎನ್ನುತ್ತ ಸ್ಟಿಯರಿಂಗ್ ಚಕ್ರ ತಿರುಗಿಸುತ್ತಿದ್ದ. ಅವನ ಕೈ ಅಷ್ಟು ಪಳಗಿತ್ತೆಂದರೆ ಹಿಂದಿದ್ದವರಿಗೆ ಏನೂ ತಿಳಿಯಲಿಲ್ಲ. ಕಾಡಿನ ದಾರಿಯಲ್ಲಿ ಬಿಸಿಲು ನೆರಳು ಚೌಕಳಿಯಾಗಿ ಬಿದ್ದಾಗ ಅವನಿಗೆ ಏನೂ ಕಾಣುತ್ತಿರಲಿಲ್ಲವೆಂದು ಕಾಣುತ್ತದೆ, ಉಸಿರು ಬಿಗಿಹಿಡಿಯುತ್ತಿದ್ದ. ನಾನೂ ಹಿಡಿಯುತ್ತಿದ್ದೆ. ಊಟ ಸೇರುತ್ತಿರಲಿಲ್ಲ.

ಮೂರನೆಯ ದಿನ ಐನಾಪುರದ ಹತ್ತಿರ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಹೊಲದ ಬದುವಿನಿಂದ ದಾರಿಗೆ ಇಳಿದಳು. ನಾನು ಅದೇ ಗಳಿಗೆಯಲ್ಲಿ ಹಿಂದೆ ಅಳುತ್ತಿದ್ದ ಒಂದು ಕೂಸಿನ ಕಡೆಗೆ ತಿರುಗಿದ್ದೆ. ತಿರುಗಿ ನೋಡಿದಾಗ ಗಾಜಿನ ತುಂಬ ಹುಲ್ಲಿತ್ತು.

"ಚಾಚಾ!"

ಬ್ರೇಕು ಹಾಕಿದ. ಹೊರೆ ಕೆಳಗೆ ಬಿತ್ತು. ನಾನು ಜಿಗಿದು ಓಡಿದೆ. ಆ ತಾಯಿ ದಾರಿಯ ನಡುವೆ ನಿಂತೇ ಇದ್ದಳು. ವ್ಯಾನು ಹೊರೆಗೆ ತಾಗಿತ್ತು, ಆಕೆಗಲ್ಲ. "ಕಣ್ಣ ಕಾಣ್ತಾವಿಲ್ಲ ನಿಮಗ?" ಎಂದು ಸಿಟ್ಟಿನಿಂದ ಬೈದಳು. ಎಲ್ಲರೂ ಹೇಳುವ ಮಾತು. ಚಾಚಾ ಚಕ್ರದ ಮೇಲೆ ಹಣೆ ಊರಿದ.

ನಾವು ಹುಲ್ಲಿನ ಹೊರೆ ಮತ್ತೆ ಕಟ್ಟಿಕೊಟ್ಟೆವು. ಆಕೆ ಹೋದ ಮೇಲೆ ನಾನೆಂದೆ, "ಚಾಚಾ, ಇಲ್ಲಿಂದ ಗಾಡಿ ನಡ್ಯಂಗಿಲ್ಲ. ಕೀಲಿ ಕೊಡ್ರಿ."

ಅವನು ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ. ರೋಗಿಗಳನ್ನು ಮರದ ನೆರಳಿನಲ್ಲಿ ಕೂರಿಸಿ ಡಾಕ್ಟರ ಜೀಪಿಗಾಗಿ ಕಾದೆವು. ಅವರು ಬಂದಾಗ ನಾನೇ ಎಲ್ಲ ಹೇಳಿದೆ, ಬಾವಿಯ ಹತ್ತಿರ ಆದದ್ದು, ನಾನು ಮುಚ್ಚಿಟ್ಟದ್ದು. ಡಾಕ್ಟರು ಅಲ್ಲೇ ವ್ಯಾನಿನ ಮೆಟ್ಟಿಲ ಮೇಲೆ ಚಾಚಾನನ್ನು ಕೂರಿಸಿ ಬ್ಯಾಟರಿ ಹಾಕಿ ಕಣ್ಣು ನೋಡಿದರು. ನನ್ನ ಕಡೆ ತಿರುಗಿದರು.

"ಸಿಸ್ಟರ್, ಹಿಂದ ಪೇಶಂಟ್ ಇದ್ರು. ಬಸುರಿ ಹೆಣ್ಮಕ್ಕಳು ಇದ್ರು. ಮೂರು ದಿನ."

ಅಷ್ಟೇ ಅಂದರು. ಅದಕ್ಕಿಂತ ಹೆಚ್ಚು ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಮಳೆಗಾಲದಲ್ಲೇ ಸೇಡಮಿನ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಆಪರೇಶನ್ನಿಗೆ ಚಾಚಾನನ್ನು ಒಳಗೆ ಕರೆದಾಗ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ನಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. "ನೀ ಹೇಳ್ಕೋತ ಇರು ಬೇಟಿ" ಎಂದ. ಮೇಜಿನ ತಲೆದೆಸೆಗೆ ನಿಂತು ಅವನ ತಲೆ ಹಿಡಿದುಕೊಂಡು ಹೇಳುತ್ತ ಹೋದೆ. ಈಗ ಮದ್ದು ಹಾಕ್ಯಾರ. ಈಗ ಏನೂ ಇಲ್ಲ. ಅಲ್ಲಾಡಬ್ಯಾಡ್ರಿ. ಆಯ್ತು, ಆಗ್ಲಿಕ ಬಂತು. ನನಗೂ ಭಯವಿತ್ತು, ದನಿಯಲ್ಲಿ ಬಾರದಂತೆ ನೋಡಿಕೊಂಡೆ. ಆಮೇಲೆ ತಲೆಯ ಎರಡೂ ಕಡೆ ಉಸುಕಿನ ಚೀಲ ಇಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಚಾಪೆಯ ಮೇಲೆ ಸಾಲಾಗಿ ಮಲಗಿಸಿದ್ದ ನಲವತ್ತು ಜನರಲ್ಲಿ ಅವನೂ ಒಬ್ಬನಾದ.

ಪಟ್ಟಿ ಬಿಚ್ಚಿ ಶಿಬಿರದ ಕನ್ನಡಕ ಹಾಕಿದ ದಿನ ಅವನು ಮೊದಲು ನೋಡಿದ್ದು ನನ್ನ ಮುಖ. ಬಹಳ ಹೊತ್ತು ನೋಡಿ, "ಇಷ್ಟ ಸಣ್ಣಕಿ ಇದ್ದೀ ಏನ್ ನೀ?" ಎಂದ. ನನಗೆ ಆಗ ಇಪ್ಪತ್ತಮೂರು. ನಾನು ಸೇರುವ ಮೊದಲೇ ಅವನ ದೃಷ್ಟಿ ಮಂಜಾಗಿತ್ತೆಂದು ಆಗ ತಿಳಿಯಿತು. ನನ್ನನ್ನು ಅವನು ಒಮ್ಮೆಯೂ ಸರಿಯಾಗಿ ನೋಡಿರಲೇ ಇಲ್ಲ.

ಚಕ್ರದ ಹಿಂದೆ ಕೂರಲು ಅವನನ್ನು ಮತ್ತೆ ಬಿಡಲಿಲ್ಲ. ದಪ್ಪ ಕನ್ನಡಕ ಹಾಕಿಕೊಂಡು ಇಲಾಖೆಯ ಗಾಡಿಗಳನ್ನು ತೊಳೆಸಿ, ಟಾಪು ತಪಾಸಣೆ ಮಾಡಿಸುವ ಕೆಲಸದಲ್ಲಿ ಪಿಂಚಣಿಯವರೆಗೆ ಇದ್ದ. ಅದೇ ಒಳ್ಳೆಯದಾಯಿತು ಎನ್ನುತ್ತಿದ್ದ. ಹೇಳುವಾಗ ಕೈ ಮಾತ್ರ ಸುಮ್ಮನೆ ಚಕ್ರ ತಿರುಗಿಸುವ ಹಾಗೆ ಆಡುತ್ತಿತ್ತು.

ನಮ್ಮ ವ್ಯಾನಿಗೆ ಹೊಸ ಡ್ರೈವರ್ ಬಂದ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಮನುಷ್ಯ. ಅವನು ಬಂದ ಬೆಳಿಗ್ಗೆ ನಾವು ಸೇಡಮಿನಿಂದ ಹೊರಡಬೇಕಿತ್ತು. ಮೌಶಿ ಹತ್ತಿ ಕೂತಿದ್ದಳು. ನಾನು ಕೆಳಗೇ ನಿಂತು, ರಸ್ತೆಯಾಚೆ ದೂರದಲ್ಲಿದ್ದ ಮೈಲಿಗಲ್ಲನ್ನು ತೋರಿಸಿದೆ.

"ಆ ಕಲ್ಲಿನ ಮ್ಯಾಲ ಏನ್ ಬರದಾರ, ಥೋಡೆ ಓದ್ರಿ."

ಅವನು ನಕ್ಕ. "ಯಾಕ್ರಿ ಸಿಸ್ಟರ್? ನಿಮಗ ಓದಲಿಕ್ಕ ಬರಂಗಿಲ್ಲೇನು?"

"ಬರ್ತದ. ನೀವು ಓದ್ರಿ."

ಓದಿದ. ಒಂದು ಕಣ್ಣು ಮುಚ್ಚುವುದನ್ನು ಅವನ ಕೈಗೆ ಬಿಡಲಿಲ್ಲ. ನಾನೇ ನನ್ನ ಕೈ ಅಡ್ಡ ಹಿಡಿದು, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಮುಚ್ಚಿ ಎರಡು ಸಲ ಓದಿಸಿದೆ. ಅವನ ನಗು ನಿಂತಿತ್ತು. ಆಮೇಲೆ ಹತ್ತಿ ಕೂತೆ.